ಗಾದಿಯ ಮೇಲಿನ ಮಾತು

ಈ ಸಲದ ಲಗ್ನಸರಾಯಿಗೆಂದು, ಅಂದರೆ ಮದುವೆಯ ಹಂಗಾಮಿಗೆಂದು, ಸೂರತ್ತಿನಿಂದ ಬಂದ ಮೊದಲ ಗಂಟನ್ನು ಹೋದ ವಾರ ನಾನೇ ಕತ್ತರಿ ಹಾಕಿ ಬಿಚ್ಚಿದೆ. ಗಂಜಿ, ಬಣ್ಣ, ಪ್ಲಾಸ್ಟಿಕ್ಕು ಮೂರೂ ಬೆರೆತ ಹೊಸ ಸೀರೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ವಾಸನೆ ಎಂದರೆ ನನಗೆ ಹಬ್ಬದ ವಾಸನೆ. ಆದರೆ ಈಗ ಎರಡು ವರ್ಷದಿಂದ ಅದು ಮೂಗಿಗೆ ತಾಗಿದೊಡನೆ ಕೈ ನಿಂತುಬಿಡುತ್ತದೆ, ಕಸ್ತೂರಿಯ ಮುಖ ಕಣ್ಣೆದುರು ಬರುತ್ತದೆ. ಕಸ್ತೂರಿ ನನ್ನ ಬಾಲ್ಯದ ಗೆಳತಿ. ಅವಳ ಮಗಳ ಮದುವೆಗೆ ಕೈಯಾರೆ ಕಲ್ಲು ಹಾಕಿದವಳು ನಾನು. ಸುತ್ತಿ ಬಳಸಿ ಹೇಳಿ ಏನು ಉಪಯೋಗ, ಮೊದಲೇ ಹೇಳಿಬಿಟ್ಟಿದ್ದೇನೆ.

ನಮ್ಮ ಜವಳಿ ಅಂಗಡಿ ಇರುವುದು ಸಂಖದಲ್ಲಿ, ಗಡಿಯಾಚೆಯ ಜತ್ತ ತಾಲ್ಲೂಕಿನ ಮೂಡಣ ಭಾಗ. ಬೋರ್ಡು ಮರಾಠಿಯಲ್ಲಿ, ವ್ಯವಹಾರ ಕನ್ನಡದಲ್ಲಿ. ಅಂಗಡಿ ಹಾಕಿದವರು ನಮ್ಮ ಮಾವನವರು. ಬಿಡಿ ವ್ಯಾಪಾರ ನಮಗೆ ಉಪ್ಪಿನಕಾಯಿ ಇದ್ದಂತೆ, ಊಟವೆಂದರೆ ಬಸ್ತಾ. ಮದುವೆ ಗೊತ್ತಾದ ಮೇಲೆ ಬೀಗರಿಗೆ, ಬಳಗಕ್ಕೆ ಕೊಡಬೇಕಾದ ಆಯೇರಿ ಸೀರೆಗಳನ್ನೆಲ್ಲ ಒಂದೇ ಸಲಕ್ಕೆ ಕೊಳ್ಳುವುದಕ್ಕೆ ನಮ್ಮಲ್ಲಿ ಬಸ್ತಾ ಎನ್ನುತ್ತಾರೆ. ಹತ್ತು ಹದಿನೈದು ಹೆಂಗಸರು ಕ್ರೂಸರ್ ಗಾಡಿ ಮಾಡಿಕೊಂಡು ಬೆಳಿಗ್ಗೆ ಬಂದು ನಮ್ಮ ಬಿಳಿ ಗಾದಿಯ ಮೇಲೆ ಕುಳಿತರೆಂದರೆ ಏಳುವುದು ಹೊತ್ತು ಇಳಿದ ಮೇಲೆಯೇ. ಅತ್ತೆಗೆ ಯಾವ ದರ್ಜೆಯದು, ನಾದಿನಿಗೆ ಯಾವುದು, ದೂರದ ಚಿಗವ್ವನಿಗೆ ಯಾವುದು ಎಂದು ತೂಗಿ ತೂಗಿ ತೆಗೆಯಬೇಕು. ಅದು ಬಾಯಿ ಮುಚ್ಚಿಕೊಂಡು ಆಗುವ ಕೆಲಸವಲ್ಲ. ಒಬ್ಬೊಬ್ಬರ ಹೆಸರು ಬಂದಾಗಲೂ ಅವರ ಜಾತಕವೇ ಬಿಚ್ಚಿಕೊಳ್ಳುತ್ತದೆ. ಯಾರು ಯಾರ ಮದುವೆಯಲ್ಲಿ ಏನು ಕೊಟ್ಟಿದ್ದರು, ಯಾರು ಕೊಟ್ಟ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತ್ತು, ಎಲ್ಲ ಹೊರಗೆ ಬರುತ್ತದೆ. ಅದನ್ನು ಚಾಡಿ ಎನ್ನಬಾರದು. ವರ್ಷಗಟ್ಟಲೆ ನುಂಗಿಕೊಂಡದ್ದನ್ನು ನಮ್ಮ ಹೆಂಗಸರು ನಗುತ್ತ ಹೊರಹಾಕುವ ಒಂದೇ ಒಂದು ಜಾಗ ಅದು.

ಮಾವನವರಿಗೆ ಇದು ಗೊತ್ತಿತ್ತು. ಬಸ್ತಾದವರು ಬಂದೊಡನೆ ಬಾಗಿಲಿಗೆ ಪರದೆ ಎಳೆಯುತ್ತಿದ್ದರು. ಸೀರೆಯ ಚೀಟಿಯ ಮೇಲೆ ಬೆಲೆಯನ್ನು ತಮಗಷ್ಟೇ ತಿಳಿಯುವ ಅಕ್ಷರಗಳಲ್ಲಿ ಬರೆದಿರುತ್ತಿದ್ದರು. ಹೆಂಗಸರ ಮಾತು ಬಿಸಿಯೇರಿದಾಗ ಕಿವಿ ಕೇಳದವರಂತೆ ಗಜಕಡ್ಡಿ ಒರೆಸುತ್ತ ಕೂರುತ್ತಿದ್ದರು. ಅವರೆಲ್ಲ ಎದ್ದುಹೋದ ಮೇಲೆ ಗಾದಿಯ ಹೊದಿಕೆ ತೆಗೆದು ಹಿತ್ತಿಲಲ್ಲಿ ಪಟಪಟನೆ ಝಾಡಿಸುವುದು ಅವರ ಪದ್ಧತಿ. ನಾನು ಹೊಸತಾಗಿ ಅಂಗಡಿಯಲ್ಲಿ ಕೂರತೊಡಗಿದಾಗ ಹೇಳಿದ್ದರು: “ಗೌರವ್ವಾ, ಗಾದಿ ಮ್ಯಾಲ ಆಡಿದ ಮಾತು ಗಾದಿ ಝಾಡಿಸಿದಾಗ ಉದುರಿ ಹೋಗಬೇಕು. ಹೊಸ್ತಲಾ ದಾಟಬಾರದು ನೋಡವ್ವಾ.” ನಾನು ತಲೆಯಾಡಿಸಿದ್ದೆ. ತಲೆಯಾಡಿಸಲು ಕಾಸು ಖರ್ಚೇ?

ಎರಡು ವರ್ಷದ ಹಿಂದೆ ದೀಪಾವಳಿಗೆ ಜತ್ತದಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಯೊಂದು ತೆರೆಯಿತು. ನಮ್ಮ ಅಂಗಡಿಯ ಎದುರಿಗೇ ಬಸ್ಸು ಹತ್ತಿ, ನನಗೆ ಕೈ ಬೀಸಿ, ಹೆಂಗಸರು ಸೀರೆ ತರಲು ಜತ್ತಕ್ಕೆ ಹೋಗತೊಡಗಿದರು. ಸಂಜೆ ಅದೇ ಬಸ್ಸಿನಿಂದ ಚೀಲ ಹಿಡಿದು ಇಳಿದು, “ಅಕ್ಕಾರ, ಅಲ್ಲಿ ಎ.ಸಿ. ಐತ್ರಿ,” ಎಂದು ನನಗೇ ವರದಿ ಕೊಡುತ್ತಿದ್ದರು. ನನ್ನದು ಮೊದಲೇ ಬೇಗ ಉರಿಯುವ ಸ್ವಭಾವ. ಮೈಯೆಲ್ಲ ಉರಿಯಿತು. ಆ ಅಂಗಡಿಯವರು ಮೊಬೈಲಿನಲ್ಲಿ ದಿನಾ ವಿಡಿಯೋ ಹಾಕುತ್ತಾರೆ, ಅದಕ್ಕೇ ಜನ ಹೋಗುತ್ತಾರೆ ಎಂದು ಯಾರೋ ಹೇಳಿದರು. ಸರಿ, ನಾನೂ ಹಾಕುತ್ತೇನೆ ಎಂದು ಹಟ ಹಿಡಿದೆ. ಜತ್ತದಲ್ಲೇ ಸಣ್ಣ ವ್ಯಾಪಾರಿಗಳಿಗೆಂದು ಮೂರು ದಿನದ ತರಬೇತಿ ಇತ್ತು, ಹೋಗಿ ಕುಳಿತೆ. ಸಾಂಗ್ಲಿ ಕಡೆಯಿಂದ ಬಂದಿದ್ದ ತರುಣನೊಬ್ಬ ಮರಾಠಿಯಲ್ಲಿ ಮೂರೂ ದಿನ ಒಂದೇ ಮಂತ್ರ ಹೇಳಿದ: “ರೋಜ್ ದಿಸ್ಲಂ ಪಾಯ್ಜೆ.” ದಿನಾ ಕಣ್ಣಿಗೆ ಬೀಳಬೇಕು, ಇಲ್ಲವಾದರೆ ಜನ ಮರೆಯುತ್ತಾರೆ.

ನಾನು ಕಣ್ಣಿಗೆ ಬೀಳಲು ಪಟ್ಟ ಪಾಡನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ, ಅಷ್ಟೇ ನಾಚಿಕೆಯೂ ಆಗುತ್ತದೆ. ಮೊದಲು ಪೇಜ್ ಮಾಡಿದೆ. ದೊಡ್ಡಸ್ತಿಕೆ ಕಾಣಲಿ ಎಂದು ಎಲ್ಲವನ್ನೂ ಪುಣೆಯವರು ಬರೆಯುವಂಥ ನುಣುಪಾದ ಮರಾಠಿಯಲ್ಲಿ ಬರೆದೆ. ನಮ್ಮ ಗಿರಾಕಿಗಳೋ ಸೀರೆಯ ಅಂಚು ಹಿಡಿದು “ಇದರ ದಂಡಿ ಚಲೋ ಇಲ್ರಿ” ಎನ್ನುವ ಹೆಂಗಸರು. ಸಗಟು ವ್ಯಾಪಾರಿ ಕಳಿಸಿದ ಚಂದದ ಹುಡುಗಿಯರ ಫೋಟೋಗಳನ್ನು ಹಾಗೆಯೇ ಏರಿಸಿದೆ. ಉಮದಿಯಿಂದ ಒಬ್ಬಾಕೆ ಮೊಬೈಲ್ ಹಿಡಿದುಕೊಂಡು ಬಂದು ಇದೇ ಸೀರೆ ಬೇಕು ಎಂದು ಕುಳಿತಳು. ಅದು ನಮ್ಮಲ್ಲಿ ಇರಲೇ ಇಲ್ಲ. “ಇಲ್ಲದ್ದನ್ನ ಯಾಕ ತೋರಸ್ತೀರಿ? ನಾ ಬಸ್ಸಿನ ಖರ್ಚ ಮಾಡ್ಕೊಂಡ ಬಂದೇನಿ,” ಎಂದು ಎಲ್ಲರೆದುರು ಝಾಡಿಸಿ ಹೋದಳು. ದುಡ್ಡು ಕಟ್ಟಿ ಜಾಹೀರಾತು ಬಿಟ್ಟೆ, ಯಾವ ಊರಿನವರಿಗೆ ತೋರಿಸಬೇಕು ಎಂದು ಕೇಳುವ ಕಡೆ ಏನನ್ನೋ ಒತ್ತಿದ್ದೆ. ನಾಶಿಕದಿಂದ, ನಾಗಪುರದಿಂದ ಫೋನು ಬಂದವು, ಸಂಖದ ಸಂತೆಯ ಒಬ್ಬ ಹೆಂಗಸೂ ಅದನ್ನು ನೋಡಿರಲಿಲ್ಲ. ಕೊನೆಗೆ ಸಿಟ್ಟಿನಲ್ಲಿ ಐದು ಸಾವಿರ ಹಿಂಬಾಲಕರನ್ನು ರೊಕ್ಕ ಕೊಟ್ಟೇ ಕೊಂಡುಬಿಟ್ಟೆ. ಅವರ ಹೆಸರು ಓದಲು ನಾಲಿಗೆ ಹೊರಳಲಿಲ್ಲ. ಯಾವ ದೇಶದವರೋ ಶಿವನೇ ಬಲ್ಲ. ನಮ್ಮ ಮನೆಯವರು ಅದನ್ನು ನೋಡಿ, “ಇವರೆಲ್ಲಾ ಕ್ರೂಸರ್ ಮಾಡ್ಕೊಂಡ ಬಸ್ತಾಕ್ಕ ಯಾವಾಗ ಬರ್ತಾರ? ಚಾಕ್ಕ ಹಾಲ ಎಷ್ಟ ಹೇಳ್ಲಿ?” ಎಂದು ನಕ್ಕರು. ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ.

ಇವೆಲ್ಲ ನನ್ನ ರೊಕ್ಕದ ಚೀಲಕ್ಕೆ ಬಿದ್ದ ಪೆಟ್ಟುಗಳು. ಇನ್ನೊಬ್ಬರಿಗೆ ನೋವಾಗಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಾರ್ಗಶಿರದ ಒಂದು ದಿನ ಬಸ್ತಾದವರು ಕುಳಿತಿದ್ದಾಗ ಸುಮ್ಮನೆ ಮೊಬೈಲನ್ನು ಕಪಾಟಿನ ಮೇಲೆ ನಿಲ್ಲಿಸಿ ಲೈವ್ ಹಚ್ಚಿದೆ. ಬಣ್ಣಬಣ್ಣದ ಸೀರೆಗಳ ರಾಶಿ, ನಡುವೆ ನಗುವ ಹೆಂಗಸರು, ನಾಚುವ ಮದುಮಗಳು. ಸುತ್ತಲಿನ ಹಳ್ಳಿಗಳಿಂದ ಒಬ್ಬೊಬ್ಬರೇ ನೋಡತೊಡಗಿದರು. “ಏ, ನಮ್ಮ ಸುವರ್ಣಕ್ಕ!” “ಆ ನೀಲಿದು ತಗೋರಿ!” ಎಂದು ಬರೆಯತೊಡಗಿದರು. ಮರುವಾರವೇ ಎರಡು ಹೊಸ ಬಸ್ತಾ ಬಂದವು. ಬಂದವರೇ, “ನಮ್ದೂ ಹಚ್ಚತೀರಿಲ್ರಿ ಅಕ್ಕಾರ?” ಎಂದು ಕೇಳಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ಹಗಲಲ್ಲೇ ಹಿಡಿದೆ. ಬೆಳಕು ಚೆನ್ನಾಗಿ ಬೀಳಲಿ ಎಂದು ಬಾಗಿಲಿನ ಪರದೆಯನ್ನು ಕಳಚಿ ಮಡಿಚಿಟ್ಟೆ.

“ಪರದಾ ಯಾಕ ತಗದಿ?” ಎಂದು ಮಾವನವರು ಕೇಳಿದರು.

“ಮಾವಾರ, ಕಾಣಿಸ್ಲಿ ಅಂತ ರೀ. ಮುಚ್ಚಿದ ಅಂಗಡಿಗೆ ಯಾರ ಬರ್ತಾರ ಈಗ?”

“ಮುಚ್ಚಿದ್ದಿತ್ತಂತ ಅಲ್ಲೇನವ್ವಾ ಇಷ್ಟ ವರ್ಷ ಬಂದದ್ದು?” ಎಂದರು. ಅಂದಿನಿಂದ ಬಸ್ತಾದವರು ಬಂದೊಡನೆ ಅವರು ಎದ್ದು ಬಸವಣ್ಣನ ಗುಡಿಯ ಕಟ್ಟೆಗೆ ಹೋಗಿ ಕೂರತೊಡಗಿದರು. ಮುದುಕರಿಗೆ ಹೊಸದು ಒಗ್ಗುವುದಿಲ್ಲ ಎಂದುಕೊಂಡೆ.

ಕಸ್ತೂರಿ ಬಂದದ್ದು ಮಾಘದಲ್ಲಿ. ಅವಳೂ ನಾನೂ ಬಿಳೂರಿನ ಕನ್ನಡ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಕಲಿತವರು. ನಾನು ಮದುವೆಯಾಗಿ ಸಂಖಕ್ಕೆ ಬಂದೆ, ಅವಳು ಊರಲ್ಲೇ ಉಳಿದಳು. ದ್ರಾಕ್ಷಿ ತೋಟಗಳಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುವವಳು ಅವಳೇ. ಅವಳ ಬಾಯಿ ಎಂಥದೆಂದರೆ, ಕಸ್ತೂರಿಯ ಗುಂಪು ಇದ್ದ ತೋಟದಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಹೆಂಗಸರು ಅವಳ ಗುಂಪಿಗೇ ಸೇರಲು ಹಾತೊರೆಯುತ್ತಿದ್ದರು. ಅವಳ ಒಬ್ಬಳೇ ಮಗಳು ರೇಣುಕಾ. ಉಮದಿ ಕಡೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಮಹಾಂತೇಶ ಎಂಬ ಹುಡುಗನಿಗೆ ಅವಳನ್ನು ಕೊಡುವುದು ಗೊತ್ತಾಗಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಸೀರೆ ಆರಿಸುವಾಗಲೂ ರೇಣುಕಾ ನಡುನಡುವೆ ಮೊಬೈಲ್ ನೋಡಿ ತುಟಿಯಲ್ಲೇ ನಗುತ್ತಿದ್ದಳು. ಅದನ್ನು ಕಂಡು ನನಗೆ ನನ್ನ ಮಗಳನ್ನೇ ಕೊಡುತ್ತಿದ್ದಷ್ಟು ಸಂತೋಷವಾಗಿತ್ತು.

“ಕಸ್ತೂರಿ, ಲೈವ್ ಹಚ್ಚಲೇನ?” ಎಂದು ಕೇಳಿದೆ.

“ಹಚ್ಚ, ಹಚ್ಚ. ನಮ್ಮ ರೇಣುಕಾ ಚಂದ ಬರಬೇಕ ನೋಡು ಫೋಟೋದಾಗ.”

ಅವಳು ಅದನ್ನು ಫೋಟೋ ಎಂದು ತಿಳಿದಳು. ಅವಳಿಗೆ ತಿಳಿದಿಲ್ಲ ಎನ್ನುವುದು ನನಗೆ ತಿಳಿದಿತ್ತು. ಕೇಳಿದೆನಲ್ಲ, ಹೂಂ ಅಂದಳಲ್ಲ ಎಂದು ಸುಮ್ಮನಾದೆ. ಈಗ ಎಷ್ಟು ಸಮಾಧಾನ ಹೇಳಿಕೊಂಡರೂ ಆ ಒಂದು ಗಳಿಗೆಯನ್ನು ದಾಟಿ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಅವತ್ತು ಕಸ್ತೂರಿಗೆ ಕಳೆ ಏರಿತ್ತು. “ನನ್ನ ತಂಗೀಗೆ ದಪ್ಪಂದ ತಗಿ, ಆಕಿ ಮಾತಿಲೆನ ಅರಿವಿ ಹರೀತಾಳ,” ಎಂದಳು. ತಂಗಿ ಪಕ್ಕದಲ್ಲೇ ಕುಳಿತು ನಗುತ್ತಿದ್ದಳು. “ನಮ್ಮ ನೆಗೆಣ್ಣಿಗೆ ಹಳದಿ ಬ್ಯಾಡ, ಕಾಮಣಿ ಆಗೇತೇನಂತ ಮಂದಿ ಔಷಧಿ ಹೇಳ್ತಾರ.” ತನ್ನನ್ನೂ ಬಿಡಲಿಲ್ಲ: “ನನಗ ಮಣ್ಣಿನ ಬಣ್ಣದ್ದ ಕೊಡವ್ವಾ, ಹೊಲಸಾದ್ರೂ ಗೊತ್ತಾಗಬಾರದು.” ಗಾದಿಯ ಮೇಲೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು. ಆಮೇಲೆ ಶಾಂತವ್ವನ ಸರದಿ ಬಂತು. ಶಾಂತವ್ವ ಎಂದರೆ ಹುಡುಗನ ಸೋದರತ್ತೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಬಿಟ್ಟುಹೋಗಿ ಅಣ್ಣನ ಮನೆಗೆ ಬಂದವಳು. ಹುಡುಗನ ತಾಯಿ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳೂ ಅವಳೇ. ಕಸ್ತೂರಿ ನಶ್ಯದ ಬಣ್ಣದ ಒಂದು ಸಾದಾ ಸೀರೆ ಎತ್ತಿ ಹಿಡಿದು, “ಇದು ಶಾಂತವ್ವಗ. ಸಾಕ ಬಿಡ ಆಕಿಗೆ. ಯಾರಿಗೆ ತೋರಸಾಕ ಉಡಬೇಕ ಆಕಿ?” ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆದರೆ ನಗು ಇಳಿಯುವುದರೊಳಗೆ ಕಸ್ತೂರಿಯ ಮುಖ ಬದಲಾಯಿತು. “ಛೇ, ಇರ್ಲಿ ಬಿಡ್ರವ್ವಾ, ಹಂಗ ಅನಬಾರದು. ಹಡದಾಕಿಗಿಂತ ಹೆಚ್ಚ ಮಾಡ್ಯಾಳ ಆ ಹುಡುಗಗ. ಗೌರಾ, ಆ ಮ್ಯಾಲಿನ ಇಲಕಲ್ಲ ಸೀರಿ ತಗಿ, ಹಸರ ಒಡಲು ಕೆಂಪ ಸೆರಗಿಂದು. ಅದ ಇರ್ಲಿ ಆಕಿಗೆ.” ತಂಗಿ, ಅದು ತುಟ್ಟಿಯದು ಎಂದು ಕಿವಿಯಲ್ಲಿ ಹೇಳಿದಳು. “ಆಗ್ಲೇಳು. ನಾಳಿ ನನ್ನ ಮಗಳ ತಲಿ ಮ್ಯಾಲ ಕೈ ಇಡೂಕಿ ಆಕೀನ,” ಎಂದಳು ಕಸ್ತೂರಿ. ಇಡೀ ಬಸ್ತಾದಲ್ಲಿ ಅದಕ್ಕಿಂತ ಒಳ್ಳೆಯ ಸೀರೆ ರೇಣುಕಾಳ ಧಾರೆಯ ಸೀರೆ ಒಂದೇ ಇತ್ತು.

ಮರುದಿನ ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ಲೈವಿನಲ್ಲಿ ಜನ ಎಲ್ಲಿ ಹೆಚ್ಚು ನಕ್ಕಿದ್ದಾರೆ ಎಂದು ನೋಡಿದೆ. ನಗುವ ಮುಖಗಳು ಸಾಲುಗಟ್ಟಿದ್ದು ಶಾಂತವ್ವನ ಮಾತಿಗೆ. ಅಷ್ಟನ್ನೇ ಕತ್ತರಿಸಿ ರೀಲ್ ಮಾಡಿದೆ. ಎಲ್ಲರೂ ಗೊಳ್ಳೆಂದ ಕಡೆಗೆ ನಿಲ್ಲಿಸಿದೆ. ಮುಂದಿನ ಮಾತು ಸೇರಿಸಿ ನೋಡಿದ್ದೆ, ನಗು ಸಪ್ಪಗಾಗುತ್ತಿತ್ತು. ತೆಗೆದುಬಿಟ್ಟೆ. ಹಿಂದಿನ ತಪ್ಪುಗಳಿಂದೆಲ್ಲ ಪಾಠ ಕಲಿತಿದ್ದೆ ನೋಡಿ, ಈ ಸಲ ಯಾವುದೂ ತಪ್ಪಲಿಲ್ಲ. “ಬಸ್ತಾ ಅಂದ್ರ ಇಷ್ಟ ಮಜಾ ನೋಡ್ರಿ!” ಎಂದು ಅಚ್ಚ ನಮ್ಮ ಕನ್ನಡದಲ್ಲಿ ಬರೆದೆ. ಅಂಗಡಿಯ ಸುತ್ತಲಿನ ನಲವತ್ತು ಕಿಲೋಮೀಟರಿನ ಹೆಂಗಸರಿಗೆ ಮಾತ್ರ ತೋರಿಸು ಎಂದು ಸರಿಯಾಗಿ ಗುರುತು ಹಾಕಿ ರೊಕ್ಕ ಕಟ್ಟಿದೆ. ಇಷ್ಟು ದಿನ ದಾರಿ ತಪ್ಪಿ ನಾಗಪುರಕ್ಕೆ ಹೋಗುತ್ತಿದ್ದ ನನ್ನ ಜಾಹೀರಾತು ಮೊಟ್ಟಮೊದಲ ಸಲ ಮುಟ್ಟಬೇಕಾದವರ ಮನೆ ಬಾಗಿಲಿಗೇ ಮುಟ್ಟಿತು.

ಎರಡು ದಿನ ನಾನು ಕುಣಿದಾಡಿದೆ. ಅಂಗಡಿಗೆ ಬಂದವರು, ದಾರಿಯಲ್ಲಿ ಸಿಕ್ಕವರು, ಎಲ್ಲರ ಬಾಯಲ್ಲೂ ಅದೇ ಮಾತು. ಮೂರನೆಯ ದಿನ ಕಸ್ತೂರಿಯ ಫೋನು ಬಂತು.

“ಗೌರಾ, ಏನ ಹಾಕೀದಿ ಅದರಾಗ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಬೀಗರ ಊರಿಂದ ಯಾರೋ ಕಳಿಸಿದ್ದರಂತೆ. ಆ ಊರಿನ ಎಲ್ಲ ಮೊಬೈಲ್ ಗುಂಪುಗಳಲ್ಲೂ ಅದೇ ಓಡುತ್ತಿದೆಯಂತೆ. ಹೆದರಿಕೆಯಲ್ಲಿ ಮೊದಲು ರೀಲ್ ಅಳಿಸಿದೆ, ಆಮೇಲೆ ಲೈವಿನ ವಿಡಿಯೋ ಅಳಿಸಿದೆ, ಮೊಬೈಲಿನಲ್ಲಿ ಉಳಿದಿದ್ದ ತುಣುಕುಗಳನ್ನೂ ಹುಡುಕಿ ಹುಡುಕಿ ಅಳಿಸಿದೆ. ಎಲ್ಲ ಅಳಿಸಿ ಉಸಿರು ಬಿಟ್ಟ ಮೇಲೆ ತಲೆಗೆ ಹೊಳೆಯಿತು. ಕಸ್ತೂರಿ ತನ್ನ ಮಾತನ್ನು ತಿದ್ದಿಕೊಂಡದ್ದು, ಹಸಿರು ಸೀರೆ ತೆಗೆಸಿದ್ದು, ಹಡೆದವ್ವನಿಗಿಂತ ಹೆಚ್ಚು ಎಂದದ್ದು, ಇವೆಲ್ಲ ಇದ್ದದ್ದು ಆ ಲೈವಿನಲ್ಲಿ ಮಾತ್ರ. ಊರೂರು ಸುತ್ತುತ್ತಿದ್ದದ್ದು ನಾನು ಕತ್ತರಿಸಿದ ತುಣುಕು. ಅದನ್ನು ಅಳಿಸುವ ಶಕ್ತಿ ನನ್ನ ಕೈಯಲ್ಲಿ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗುವ ಮಾತಾದರೂ ಎಷ್ಟೋ ವಾಸಿ. ಇದು ಹೋಗದೆ ಮನೆಮನೆಗೆ ತಿರುಗುತ್ತಿತ್ತು.

ಆ ದಿನ ಮಾವನವರ ಎದುರು ನಿಂತು ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು ಬೈಯುತ್ತಾರೆ ಎಂದು ಕಾದಿದ್ದೆ, ಬೈದಿದ್ದರೆ ಚೆನ್ನಾಗಿತ್ತು. “ನಡಿ, ಹೋಗಿ ಬರೂಣು. ತಡಾ ಆದಷ್ಟ ಗಂಟ ಬಿಗಿ ಆಗತೈತಿ,” ಎಂದು ರುಮಾಲು ಸುತ್ತಿಕೊಂಡರು. ಸೆರಗಿಗೆ ಕುಚ್ಚು ಕಟ್ಟಿಸಲೆಂದು ಕಸ್ತೂರಿ ನಮ್ಮಲ್ಲೇ ಬಿಟ್ಟುಹೋಗಿದ್ದ ಹಸಿರು ಸೀರೆಯನ್ನು ಚೀಲಕ್ಕೆ ಹಾಕಿಕೊಂಡೆವು. ಬಿಳೂರಿನಿಂದ ಕಸ್ತೂರಿ ಮತ್ತು ಅವಳ ಗಂಡ ಬಂದು ಕೂಡಿಕೊಂಡರು. ಕಸ್ತೂರಿ ಗಾಡಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಸೀರೆಯ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಿದ್ದಳು.

ಶಾಂತವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ಮೊರ ಪಕ್ಕಕ್ಕಿಟ್ಟು, “ಬರ್ರಿ, ಕುಂದರ್ರಿ,” ಎಂದಳು. ನೀರು ಕೊಟ್ಟಳು, ಚಹಾ ಮಾಡಿಸಿದಳು. ಕೂಗಾಡುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದ ನಮಗೆ ಆ ಮರ್ಯಾದೆಯನ್ನು ಎದುರಿಸುವುದು ಹೇಗೆಂದು ತಿಳಿಯಲಿಲ್ಲ. ಕಸ್ತೂರಿ ಅವಳ ಕಾಲು ಹಿಡಿಯಲು ಬಗ್ಗಿದಳು. ಶಾಂತವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

“ನಿನ್ನ ಮ್ಯಾಲ ಸಿಟ್ಟಿಲ್ಲ ನನಗ. ಬಸ್ತಾದಾಗ ಕುಂತ್ರ ನಾನೂ ಅಂದೇನಿ ಮಂದಿಗೆ. ಇದಕ್ಕಿಂತ ಹೆಚ್ಚ ಅಂದೇನಿ.” ಆಮೇಲೆ ನನ್ನ ಕಡೆ ತಿರುಗಿದಳು. “ಗಂಡ ಬಿಟ್ಟ ಹೋಗಿ ಇಪ್ಪತ್ತಾರ ವರ್ಷಾತು. ಹಿಂದ ಯಾರ ಏನ ಅಂದಾರೋ ಗೊತ್ತಿಲ್ಲ. ಮಾರಿ ಮ್ಯಾಲ ಈ ಊರಾಗ ಒಬ್ಬರೂ ಆ ಮಾತ ಎತ್ತಿರಲಿಲ್ಲ. ಮೊನ್ನೆ ಡೇರ್ಯಾಗ ಹಾಲ ಹಾಕಾಕ ಬಂದವರು ನಮ್ಮ ಮಹಾಂತೇಶನ ಮುಂದನ ಅದನ್ನ ಹಚ್ಚಿ ನಕ್ಕರಂತ. ಆಕಿ ಅಂದಿದ್ದು ಅಂದ್ಳು. ನೀ ಯಾಕವ್ವಾ ಅದನ್ನ ಮಾರಾಕ ಇಟ್ಟಿ?”

ನಾನು ಚೀಲಕ್ಕೆ ಕೈ ಹಾಕಿದೆ. “ಮುಂದ ಇನ್ನೊಂದ ಮಾತ ಅಂದಾಳ್ರಿ ಕಸ್ತೂರಿ. ನಿಮ್ಮನ್ನ ಭಾಳ ಹೊಗಳ್ಯಾಳ್ರಿ. ಈ ಸೀರಿ ನಿಮಗಂತನ ತಗಸ್ಯಾಳ್ರಿ, ಅಲ್ಲೇ, ಆಗಿಂದಾಗನ,” ಎಂದು ಸೀರೆ ಹೊರತೆಗೆದೆ.

“ಹೌದಾ? ತೋರಸ ನೋಡೂಣು,” ಎಂದಳು.

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅಳಿಸಿದೆ ಎಂದೆ. ಹೆದರಿ ಅಳಿಸಿದೆ ಎಂದೆ. ಹೇಳುತ್ತಿದ್ದಂತೆಯೇ ಅದು ಸುಳ್ಳಿನಂತೆ ನನ್ನ ಕಿವಿಗೇ ಕೇಳಿಸಿತು. ಶಾಂತವ್ವ ಹಸಿರು ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಮಡಿಕೆ ಸರಿಮಾಡಿ ನನ್ನ ಕೈಗೆ ವಾಪಸು ಕೊಟ್ಟಳು. “ಚಲೋ ಐತಿ. ಆದ್ರ ಇದನ್ನ ಈಗ ತಂದೀರಿ,” ಎಂದಳು. ಮಾವನವರು ಎದ್ದು ನಿಂತು ಎರಡೂ ಕೈ ಜೋಡಿಸಿದರು. ಅವಳು ಗಾಬರಿಯಾಗಿ ತಾನೂ ಎದ್ದು, “ನೀವು ಹಿರ್ಯಾರು, ನೀವ ಕೈ ಮುಗೀಬ್ಯಾಡ್ರಿ ಯಪ್ಪಾ,” ಎಂದಳು. ಬಾಗಿಲಲ್ಲಿ ಮಹಾಂತೇಶ ನಿಂತಿದ್ದ. ಕಣ್ಣು ಕೆಂಪಾಗಿದ್ದವು. “ನಮ್ಮತ್ತಿ ಬ್ಯಾಡ ಅಂದಿಲ್ರಿ. ಮಾಡ್ಕೋ ಅಂತಾಳ. ಆದ್ರ ಆ ಮಾತ ಹುಟ್ಟಿದ ಮನಿಗೆ ನಾ ಹೆಂಗ ಅಳಿಯ ಆಗ್ಲಿ, ನೀವ ಹೇಳ್ರಿ,” ಎಂದ.

ಹತ್ತು ದಿನಕ್ಕೆ ನಿಶ್ಚಯದ ಉಂಗುರ ತಿರುಗಿ ಬಂತು. ಆಮೇಲೆ ಒಂದು ಮುಂಜಾನೆ ಟೆಂಪೋದವನೊಬ್ಬ ಎರಡು ಚೀಲ ತಂದು ನಮ್ಮ ಅಂಗಡಿಯಲ್ಲಿ ಇಳಿಸಿ ಹೋದ. ಕಸ್ತೂರಿಯ ಬಸ್ತಾ ಪೂರಾ ವಾಪಸು ಬಂದಿತ್ತು, ಧಾರೆಯ ಸೀರೆ ಸಮೇತ. ಚೀಟಿ ಇರಲಿಲ್ಲ, ಫೋನೂ ಇಲ್ಲ. ಒಂದೊಂದನ್ನೇ ಬಿಚ್ಚಿ ಮತ್ತೆ ಕಪಾಟಿಗೆ ಏರಿಸುವಾಗ ಇದು ತಂಗಿಯದು, ಇದು ನೆಗೆಣ್ಣಿಯದು ಎಂದು ಅವಳ ಮಾತುಗಳೆಲ್ಲ ಕಿವಿಯಲ್ಲಿ ಕೇಳುತ್ತಿದ್ದವು. ದ್ರಾಕ್ಷಿ ತೋಟದಲ್ಲಿ ಅವಳ ಬೆನ್ನ ಹಿಂದೆ ಯಾರಾದರೂ “ಯಾರಿಗೆ ತೋರಸಾಕ?” ಎಂದು ನಗುವುದು, ಅವಳು ಕೇಳದಂತೆ ಎಲೆ ಕೀಳುವುದು, ಇವನ್ನೆಲ್ಲ ಬಿಳೂರಿನಿಂದ ಬಂದವರು ಹೇಳುತ್ತಿದ್ದರು. ರೇಣುಕಾ ನಾಲ್ಕು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲವಂತೆ. ನಾನು ಮೂರು ಸಲ ಅವರ ಮನೆಗೆ ಹೋದೆ. ಮೂರು ಸಲವೂ ಕಸ್ತೂರಿಯ ಗಂಡ ಚಹಾ ಕುಡಿಸಿ ಕಳಿಸಿದ. ಅವಳು ಒಳಗೇ ಇದ್ದಳು.

ಪೇಜ್ ಮುಚ್ಚಿದೆ. ಪರದೆಯನ್ನು ನಾನೇ ಒಗೆದು, ಇಸ್ತ್ರಿ ಮಾಡಿ, ಮತ್ತೆ ಬಾಗಿಲಿಗೆ ಹಾಕಿದೆ. ಅಂಗಡಿ ಮುಳುಗುತ್ತದೆ ಎಂದು ಹೆದರಿದ್ದೆ, ಮುಳುಗಲಿಲ್ಲ. ಬಸ್ತಾದವರು ಬರುತ್ತಾರೆ. ಆದರೆ ಬಂದು ಕುಳಿತವರು ಮೊದಲು ಕಪಾಟಿನ ಮೇಲೆ ನೋಡುತ್ತಾರೆ, ಆಮೇಲೆ ಮಾಡಿನ ಮೂಲೆಗಳನ್ನು ನೋಡುತ್ತಾರೆ. ಮೊಬೈಲ್ ಇಲ್ಲಿಲ್ಲ, ಕ್ಯಾಮೆರಾ ಇಲ್ಲ ಎಂದು ನಾನು ಆಣೆ ಮಾಡಿ ಹೇಳಿದರೂ ಹೂಂ ಎಂದು ನಕ್ಕು ಸುಮ್ಮನಾಗುತ್ತಾರೆ. ಬೇಕಾದ ಸೀರೆಯನ್ನು ಬೆರಳಿನಿಂದ ತೋರಿಸುತ್ತಾರೆ. ಯಾರಿಗೆ ಎಂದು ಕೇಳಿದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬರೆಯಲು ಬಾರದವರು ಎದ್ದು ಬಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಮಾವನವರು ಈಗ ಗುಡಿಯ ಕಟ್ಟೆಗೆ ಹೋಗುವುದಿಲ್ಲ, ಅಂಗಡಿಯಲ್ಲೇ ಇರುತ್ತಾರೆ. ಕಿವಿ ಕೇಳದವರಂತೆ ನಟಿಸುವ ಕೆಲಸ ಅವರಿಗೆ ಉಳಿದಿಲ್ಲ. ಒಮ್ಮೆ ನನಗೆ ತಡೆಯಲಾಗದೆ, “ಏನರೆ ಅನ್ರಿ ಮಾವಾರ, ಬೈಯಿರಿ ನನ್ನ,” ಎಂದಿದ್ದೆ. “ಬೈದ್ರ ನಿನಗ ಹಗರ ಆಗತೈತಿ,” ಎಂದರು. “ನನಗ ಆಗೂದಿಲ್ಲವ್ವಾ.”

ಗಂಟು ಬಿಚ್ಚಿದ ನಾಲ್ಕನೆಯ ದಿನ, ಅಂದರೆ ಈ ವಾರದಲ್ಲೇ, ಕಸ್ತೂರಿ ಬಂದಳು. ರೇಣುಕಾಳಿಗೆ ಇಂಡಿ ಕಡೆಯ ಸಂಬಂಧ ಕೂಡಿ ಬಂದಿದೆಯಂತೆ. ಜೊತೆಗೆ ರೇಣುಕಾ ಮತ್ತು ಕಸ್ತೂರಿಯ ತಂಗಿ, ಮೂರೇ ಜನ. ನನ್ನನ್ನು ಕ್ಷಮಿಸಿ ಬಂದಳು ಎಂದು ಒಂದು ಗಳಿಗೆ ಅಂದುಕೊಂಡೆ. ಅವಳೇ ಹೇಳಿದಳು: “ಬ್ಯಾರೆ ಅಂಗಡಿಗೆ ಹೋದ್ರ, ಇನ್ನೂ ಅದನ್ನ ಹಿಡಕೊಂಡ ಕುಂತಾಳಂತ ಮಂದಿ ಮತ್ತ ಸುರು ಮಾಡ್ತಾರ. ಅದಕ್ಕ ಬಂದೇನಿ.” ಕೂದಲು ಅರ್ಧ ಬೆಳ್ಳಗಾಗಿದ್ದವು. ನಾನು ಅವರೆದುರಿಗೇ ಮೊಬೈಲ್ ಬಂದ್ ಮಾಡಿ ಮನೆಯವರ ಕೈಗೆ ಕೊಟ್ಟು ಹೊರಗೆ ಕಳಿಸಿದೆ. ಪರದೆ ಎಳೆದೆ. ಕಪಾಟಿನಲ್ಲಿದ್ದ ಚಂದದ ಸೀರೆಗಳನ್ನೆಲ್ಲ ಅವಳ ಮುಂದೆ ಹರಡತೊಡಗಿದೆ.

“ಇಷ್ಟೆಲ್ಲಾ ಬ್ಯಾಡ ಗೌರಾ,” ಎಂದಳು. “ಇಪ್ಪತ್ತೊಂದ ಸೀರಿ ಬೇಕು. ಎಲ್ಲಾ ಒಂದ ನಮೂನಿ, ಒಂದ ದರದ್ದು.”

“ಬೀಗತಿಗೆ? ನಾದಿನಿಯಾರಿಗೆ?”

“ಎಲ್ಲಾರಿಗೂ ಒಂದ.”

“ನಿನಗ ಕಸ್ತೂರಿ?”

“ಅದರಾಗ ಒಂದು.”

ಅವಳ ತಂಗಿ ಗಾದಿಯ ಹೊದಿಕೆಯ ದಾರ ಕೀಳುತ್ತ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಕಪಾಟಿನ ಮೇಲಿನಿಂದ ಕಟ್ಟು ಇಳಿಸಿ, ಒಂದೇ ಬಣ್ಣದ, ಒಂದೇ ಅಂಚಿನ ಸೀರೆಗಳನ್ನು ಒಂದರ ಮೇಲೊಂದು ಇಡುತ್ತ ಹೋದೆ. ಚಹಾ ಬರುವುದರೊಳಗೆ ಬಸ್ತಾ ಮುಗಿದುಹೋಗುವಂತಿತ್ತು. ಆಗ ರೇಣುಕಾ ಪಕ್ಕದಲ್ಲಿ ಬಿದ್ದಿದ್ದ ಒಂದು ಸೀರೆಯ ಮೇಲೆ ಕೈಯಾಡಿಸಿ, ನನ್ನ ಕಡೆ ತಿರುಗಿ, “ಮಾವಶಿ, ನಮ್ಮ ಅತ್ತಿ ಆಗೂಕಿ ಅದಾರಲ್ರಿ, ಅವರು ಭಾಳ...” ಎಂದು ಮುಖ ಅರಳಿಸಿ ಏನೋ ಹೇಳಹೊರಟಳು. ಕಸ್ತೂರಿ ಮಗಳ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು. ಹುಡುಗಿ ಅಲ್ಲಿಗೇ ನಿಲ್ಲಿಸಿದಳು. ಒಳ್ಳೆಯ ಮಾತನ್ನೇ ಆಡಲು ಹೊರಟಿದ್ದಳು, ಪಾಪ.